ಹೊಸ ಬೋಟ್ ಬೇಕಾದರೆ ಹಳೇ ಬೋಟ್ ತೋರಿಸಿ

ಹೊಸ ಬೋಟಿಗೆ ಸಾಲ ಬೇಕೆಂದರೆ ಮೊದಲು ಹಳೇ ಬೋಟ್ ತೋರಿಸಬೇಕು. ನನ್ನ ಮೇಜಿನ ಮೇಲೆ ವರ್ಷಗಟ್ಟಲೆ ಕೂತಿದ್ದ ಒಂದು ಫೈಲಿನ ತಾಪತ್ರಯ ಇಷ್ಟೇ. ಹಳೇ ಬೋಟಿಗೆ ನಂಬರ್ ಇತ್ತು, ಆರ್‌ಸಿ ಇತ್ತು, ಬಣ್ಣ ಬಳಿದ ಹೊಸತರಲ್ಲಿ ತೆಗೆದ ಫೋಟೋ ಇತ್ತು. ಬೋಟ್ ಮಾತ್ರ ಶ್ರೀಲಂಕಾದಲ್ಲಿ ಇತ್ತು.

ನಾನು ಹೊನ್ನಾವರದ ಕಡೆಯವಳು. 2018ರಲ್ಲಿ ನನ್ನನ್ನು ರಾಮೇಶ್ವರದ ಕಡೆಯ ಒಂದು ಶಾಖೆಗೆ ಹಾಕಿದರು. ಯಾವ ಬ್ಯಾಂಕ್ ಅಂತ ಬರೆಯುವುದಿಲ್ಲ, ಈಗಲೂ ಸಂಬಳ ಅಲ್ಲಿಂದಲೇ ಬರುತ್ತಿದೆ. ರಾಮೇಶ್ವರ ಅಂದ ಕೂಡಲೇ ಮನೆಯಲ್ಲಿ ಎಲ್ಲರಿಗೂ ಖುಷಿ, ಮಗಳಿಗೆ ದಿನಾ ದರ್ಶನ ಅಂತ. ನನಗೆ ದಿನಾ ಸಿಕ್ಕಿದ್ದು ಮೀನುಗಾರಿಕೆ ಸಾಲದ ಟೇಬಲ್. ಕರಾವಳಿಯವಳು, ದಕ್ಕೆ ನೋಡಿದವಳು, ನೀವೇ ನೋಡಿಕೊಳ್ಳಿ ಅಂದರು ಮ್ಯಾನೇಜರ್. ಮೊದಮೊದಲು ತಮಿಳು ತಡವರಿಸುತ್ತಿತ್ತು, ಆದರೆ ಡೀಸೆಲ್, ಐಸ್, ಬಲೆ, ಮುಂಗಡ ಈ ನಾಲ್ಕು ವಿಷಯ ಗೊತ್ತಿದ್ದರೆ ಯಾವ ಬಂದರಿನಲ್ಲೂ ಮಾತು ಮುಂದುವರಿಯುತ್ತದೆ.

ಯೋಜನೆ ಏನೆಂದು ಮೊದಲು ಹೇಳಬೇಕು. 2017ರ ಜುಲೈಯಲ್ಲಿ ಪ್ರಧಾನಿ ಕಲಾಂ ಸ್ಮಾರಕ ಉದ್ಘಾಟನೆಗೆ ಬಂದಾಗಲೇ ಇದಕ್ಕೂ ಚಾಲನೆ ಕೊಟ್ಟಿದ್ದರು. ತಮಿಳುನಾಡಿಗೂ ಶ್ರೀಲಂಕಾಕ್ಕೂ ನಡುವಿನ ಪಾಕ್ ಕೊಲ್ಲಿಯಲ್ಲಿ ತಳಕ್ಕೆ ಬಲೆ ಬಿಟ್ಟು ಎಳೆಯುವ ಟ್ರಾಲ್ ಬೋಟುಗಳನ್ನು ಕೈಬಿಡಿಸಿ, ಅವುಗಳ ಮಾಲೀಕರನ್ನು ಆಳ ಸಮುದ್ರಕ್ಕೆ ಟ್ಯೂನಾ ಹಿಡಿಯಲು ಕಳಿಸುವುದು. ಒಂದು ಬೋಟಿಗೆ 80 ಲಕ್ಷ ಅಂತ ಲೆಕ್ಕ. ಅರ್ಧ ಕೇಂದ್ರದ್ದು, ಶೇ 20 ರಾಜ್ಯದ್ದು, ಶೇ 20 ಬ್ಯಾಂಕ್ ಸಾಲ, ಉಳಿದ ಶೇ 10 ಮಾಲೀಕನ ಕೈಯಿಂದ. ಮೂರು ವರ್ಷದಲ್ಲಿ 2000 ಬೋಟ್ ಮಾಡುವ ಗುರಿ ಇಟ್ಟುಕೊಂಡಿದ್ದರು. ಅದರ ಹತ್ತಿರಕ್ಕೂ ಹೋಗಲಿಲ್ಲ ಅನ್ನುವುದು ಈಗ ಎಲ್ಲರಿಗೂ ಗೊತ್ತಿರುವ ಮಾತು. ಈ ಸಹಾಯಕ್ಕೆ ಬದಲಾಗಿ ಮಾಲೀಕ ತನ್ನ ಹಳೇ ಟ್ರಾಲ್ ಬೋಟನ್ನು ಬಿಟ್ಟುಕೊಡಬೇಕು, ಅದು ಮತ್ತೆ ಪಾಕ್ ಕೊಲ್ಲಿಯಲ್ಲಿ ಓಡಬಾರದು. ಸರಿಯಾದ ಷರತ್ತೇ. ಇಲ್ಲದಿದ್ದರೆ ಹೊಸದೂ ಓಡುತ್ತಿತ್ತು, ಹಳೆಯದೂ ಓಡುತ್ತಿತ್ತು.

ನನ್ನ ಫೈಲಿನ ಮಾಲೀಕರಿಗೆ ಆಗ ಐವತ್ತರ ಹತ್ತಿರ ವಯಸ್ಸು. ಬ್ಯಾಂಕಿಗೆ ಅವರಿಗಿಂತ ಜಾಸ್ತಿ ಬರುತ್ತಿದ್ದದ್ದು ಅವರ ಹೆಂಡತಿ. ಲೆಕ್ಕವೆಲ್ಲ ಆ ಅಕ್ಕನ ಕೈಯಲ್ಲೇ ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಜೋಡಿಸಿ ತರುವರು, ಕೇಳಿದ್ದನ್ನು ಹುಡುಕದೆ ತೆಗೆದುಕೊಡುವರು. ಬೋಟಿನ ಆರ್‌ಸಿ ಇನ್ನೂ ಮಾಲೀಕರ ಅಣ್ಣನ ಹೆಸರಲ್ಲಿತ್ತು. ಅಲ್ಲಿ ಇದು ಮಾಮೂಲು, ಬೋಟ್ ಕೈ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ಸಾಲಕ್ಕೆ ಅದು ನಡೆಯುವುದಿಲ್ಲ ಅಂದೆ. ಹೆಸರು ಬದಲಾಯಿಸಿಕೊಂಡು ಬಂದರು. ಈ ಒಂದು ಕೆಲಸ ಮುಂದೆ ಬೇರೆಯದಕ್ಕೇ ಉಪಯೋಗಕ್ಕೆ ಬಂತು.

ಸಾಲ ಕೊಡುವ ಮೊದಲು ಹಳೇ ಕಸುಬಿನ ಆದಾಯವನ್ನೂ ಬರೆದುಕೊಳ್ಳಬೇಕು. ಹಾಗೆ ಬರೆಯುವಾಗಲೇ ನನಗೆ ಪಾಕ್ ಕೊಲ್ಲಿ ಅರ್ಥವಾದದ್ದು. ಪೇಪರಿನಲ್ಲಿ ಓದಿದ್ದು ಬರೀ ಕಚ್ಚತೀವು ದ್ವೀಪ, ಗಡಿ ರೇಖೆ, ನೌಕಾಪಡೆ. ಲೆಕ್ಕಕ್ಕೆ ಕೂತರೆ ಚಿತ್ರ ಬೇರೆ.

ನಮ್ಮ ಕಡೆ ಬೋಟ್ ದಕ್ಕೆ ಬಿಟ್ಟರೆ ಪಶ್ಚಿಮಕ್ಕೆ ಡೀಸೆಲ್ ಇರುವಷ್ಟು ದೂರ ಹೋಗಬಹುದು. ಎದುರಿಗೆ ಕಣ್ಣಿಗೆ ಕಾಣುವಷ್ಟು ಹತ್ತಿರ ಇನ್ನೊಂದು ದೇಶ ಇಲ್ಲ. ಇಲ್ಲಿ ಧನುಷ್ಕೋಡಿಯಿಂದ ತಲೈಮನ್ನಾರ್‌ಗೆ ಸುಮಾರು 30 ಕಿಲೋಮೀಟರ್. ನೀರು ಬಹಳ ಕಡೆ 15 ಮೀಟರ್ ಆಳವೂ ಇಲ್ಲ. 1974ರಲ್ಲಿ ಎರಡೂ ಸರ್ಕಾರ ಸೇರಿ ಈ ನೀರಿನ ನಡುವೆ ಗೆರೆ ಎಳೆದವು, ಕಚ್ಚತೀವು ಆಚೆ ಹೋಯಿತು. 1976ರಲ್ಲಿ ಇನ್ನೊಂದು ಒಪ್ಪಂದ ಆಯಿತು. ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯುವಂತಿಲ್ಲ ಅನ್ನುವುದು ಆಗ ಬರೆದುಕೊಂಡ ಪತ್ರಗಳಲ್ಲಿ ಸ್ಪಷ್ಟವಾಗಿದೆ. ಕಚ್ಚತೀವು 285 ಎಕರೆಯ ಜಾಗ, ಕುಡಿಯುವ ನೀರಿಲ್ಲ, ಒಂದು ಅಂತೋನಿಯಾರ್ ಚರ್ಚ್ ಇದೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಎರಡೂ ದಡದವರು ಹೋಗಿ ಸೇರುತ್ತಾರೆ. ಚುನಾವಣೆ ಬಂದಾಗೆಲ್ಲ ಅದರ ಸುದ್ದಿ ಏಳುತ್ತದೆ.

ಮಾಲೀಕರು ನನ್ನ ಮೇಜಿನ ಮೇಲಿದ್ದ ಕಾಗದದಲ್ಲೇ ಚಿತ್ರ ಬರೆದು ತೋರಿಸಿದರು. "ನೋಡಿ ಮೇಡಂ, ದಡದಿಂದ 3 ನಾಟಿಕಲ್ ಮೈಲಿ ನಾಡದೋಣಿಯವರದ್ದು, ಟ್ರಾಲ್ ಬೋಟ್ ಹೋಗುವ ಹಾಗಿಲ್ಲ. ಅಲ್ಲಿಂದ ಮುಂದೆ ಬಂಡೆ, ಬಲೆ ಎಳೆದರೆ ಬಲೆಯೇ ಹೋಗುತ್ತದೆ. ಬಂಡೆ ಮುಗಿಯುವಷ್ಟರಲ್ಲಿ ಗೆರೆ ಬಂತು. ಈ ಚೂರು ಜಾಗದಲ್ಲಿ ನಮ್ಮ ಊರಿನ ಏಳುನೂರು ಚಿಲ್ಲರೆ ಬೋಟ್ ಎಲ್ಲಿ ಎಳೆಯಬೇಕು?"

ಹಾಗಾದರೆ ಎಲ್ಲಿ ಎಳೀತೀರಿ ಅಂತ ಕೇಳಿದೆ. ಅವರು ನಕ್ಕರು, ಚೀಟಿಯಲ್ಲಿ ಗೆರೆಯ ಆಚೆ ಪೆನ್ ಇಟ್ಟರು. ನೆಡುಂತೀವು, ಲಂಕಾದ ದ್ವೀಪ.

ಸಾಲದ ಫಾರ್ಮಿನಲ್ಲಿ "ಮೀನು ಹಿಡಿಯುವ ಪ್ರದೇಶ" ಅಂತ ಒಂದು ಕಾಲಂ ಇರುತ್ತದೆ. ಎಲ್ಲರೂ ಪಾಕ್ ಕೊಲ್ಲಿ ಅಂತ ಬರೆಯುತ್ತಾರೆ. ನಾನೂ ಹಾಗೇ ಬರೆದೆ.

ಈ ಬೋಟುಗಳು ಇಷ್ಟು ಜಾಸ್ತಿ ಆದದ್ದು ಹೇಗೆ ಅನ್ನುವುದಕ್ಕೂ ಉತ್ತರ ಅಲ್ಲೇ ಸಿಗುತ್ತದೆ. 60ರ, 70ರ ದಶಕದಲ್ಲಿ ಟ್ರಾಲ್ ಬೋಟಿಗೆ ಸರ್ಕಾರಗಳೇ ಕರೆದು ಸಹಾಯಧನ ಕೊಟ್ಟವು. ನಮ್ಮ ಕರಾವಳಿಯಲ್ಲೂ ಅದೇ ಕಥೆ. ಸಿಗಡಿಗೆ ಹೊರದೇಶದಲ್ಲಿ ಒಳ್ಳೆ ಬೆಲೆ. ಆಮೇಲೆ 1983ರಿಂದ 2009ರ ತನಕ ಆಚೆ ದಡದಲ್ಲಿ ಯುದ್ಧ. ಉತ್ತರ ಲಂಕಾದ ತಮಿಳು ಮೀನುಗಾರರಿಗೆ ಎಷ್ಟೋ ವರ್ಷ ಸಮುದ್ರಕ್ಕೆ ಇಳಿಯಲು ಬಿಡಲಿಲ್ಲ, ಬಿಟ್ಟರೂ ನೂರೆಂಟು ನಿರ್ಬಂಧ. ಅವರು ಇಲ್ಲದ ನೀರಿನಲ್ಲಿ ಈಚೆ ಬೋಟುಗಳು ಎಳೆದವು. ಗುಂಡಿಗೆ ಸಿಕ್ಕಿ ಈಚೆಯವರೂ ಸತ್ತರು, ಆದರೂ ಬೋಟುಗಳ ಸಂಖ್ಯೆ ಮತ್ತು ಎಂಜಿನ್ ಎರಡೂ ಬೆಳೆಯುತ್ತಾ ಹೋದವು. ಯುದ್ಧ ಮುಗಿದು ಅವರು ದೋಣಿ ಇಳಿಸಿದಾಗ ಸಮುದ್ರದ ತುಂಬ ಇವರು. ಜಗಳ ಅಲ್ಲಿಂದ ಈಗಿನ ರೂಪಕ್ಕೆ ಬಂತು.

ಟ್ರಾಲ್ ಬಲೆ ನೆಲ ಕೆರೆದುಕೊಂಡು ಹೋಗುತ್ತದೆ. ಸಿಗಡಿ ಬರುತ್ತದೆ, ಜೊತೆಗೆ ಅಂಗೈಯಷ್ಟೂ ಬೆಳೆಯದ ಮರಿ, ಏಡಿ, ಹುಲ್ಲು ಎಲ್ಲ ಬರುತ್ತದೆ. ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವುದೂ ಇದೆ. ಅಲ್ಲಿ ರೆಟ್ಟೈಮಡಿ ಅನ್ನುತ್ತಾರೆ, ನಮ್ಮಲ್ಲಿ ಬುಲ್‌ಟ್ರಾಲ್. ಎರಡೂ ರಾಜ್ಯದಲ್ಲಿ ನಿಷೇಧ, ಎರಡೂ ರಾಜ್ಯದಲ್ಲಿ ನಡೆಯುತ್ತದೆ. ದಕ್ಕೆಯಲ್ಲಿ ಕಸದ ಮೀನಿನ ರಾಶಿ ನೋಡಿದರೆ ಸಮುದ್ರದ ಆರೋಗ್ಯ ಗೊತ್ತಾಗುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದರು. ರಾಮೇಶ್ವರದ ರಾಶಿಗಳು ದೊಡ್ಡವಿದ್ದವು. ಅವು ಒಣಗಿ ಕೋಳಿ ಆಹಾರಕ್ಕೆ, ಮೀನೆಣ್ಣೆ ಕಾರ್ಖಾನೆಗೆ ಹೋಗುತ್ತಿದ್ದವು.

ಫೈಲ್ ನಿಧಾನಕ್ಕೆ ಮುಂದೆ ಹೋಗುತ್ತಿತ್ತು. ಟ್ಯೂನಾ ಬೋಟಿನ ಆದಾಯದ ಅಂದಾಜು ಬರೆಯುವುದು ನನ್ನ ಪಾಲಿನ ಕೆಲಸ. ಬರೆಯಲು ಓದಬೇಕು, ಓದಿದಷ್ಟೂ ಧೈರ್ಯ ಹೋಯಿತು. ಹಿಂದೂ ಮಹಾಸಾಗರದ ಟ್ಯೂನಾಕ್ಕೆ ಅಂತ ದೇಶಗಳ ಒಂದು ಆಯೋಗವಿದೆ, ಕಚೇರಿ ಸೀಷೆಲ್ಸ್‌ನಲ್ಲಿ. ಅವರ ವಿಜ್ಞಾನಿಗಳು 2015ರಲ್ಲೇ ಹಳದಿ ರೆಕ್ಕೆಯ ಟ್ಯೂನಾ ಅತಿಯಾಗಿ ಹಿಡಿಯಲ್ಪಟ್ಟಿದೆ ಅಂದಿದ್ದರು, ಮರು ವರ್ಷ ಹಿಡಿತ ಕಡಿಮೆ ಮಾಡುವ ನಿರ್ಣಯವೂ ಬಂದಿತ್ತು. ಅಂದರೆ ಸಿಗಡಿಯ ಜಗಳದಿಂದ ಬಿಡಿಸಿ ನಾವು ಇವರನ್ನು ಕಳಿಸುತ್ತಿದ್ದದ್ದು ಇನ್ನೂ ದೊಡ್ಡ ಜಗಳಕ್ಕೆ. ಅಲ್ಲಿ ಯುರೋಪಿನ ದೊಡ್ಡ ಹಡಗುಗಳು, ಗಾಳದಲ್ಲೇ ಹಿಡಿಯುವ ಮಾಲ್ಡೀವ್ಸ್‌ನವರು, ಇರಾನ್, ಇಂಡೋನೇಷ್ಯಾ ಎಲ್ಲರೂ ಇದ್ದಾರೆ. ತಮಾಷೆ ಅಂದರೆ ಆ ಕೂಟದಲ್ಲಿ ಭಾರತ, ಶ್ರೀಲಂಕಾ ಎಷ್ಟೋ ಸಲ ಒಂದೇ ಕಡೆ. 2023ರಲ್ಲಿ ಮೊಂಬಾಸದಲ್ಲಿ, ಮೀನನ್ನು ಸೆಳೆಯಲು ಹಡಗಿನವರು ತೇಲಿಬಿಡುವ ಸಾಧನಗಳಿಗೆ ವರ್ಷಕ್ಕೆ 72 ದಿನ ರಜೆ ಕೊಡಬೇಕು ಅಂತ ಇಂಡೋನೇಷ್ಯಾ ತಂದ ಪ್ರಸ್ತಾವಕ್ಕೆ ಎರಡೂ ದೇಶ ಜೊತೆ ನಿಂತವು. ಅದು ಪಾಸೂ ಆಯಿತು, ಯುರೋಪ್ ಆಕ್ಷೇಪ ಹಾಕಿ ತನ್ನನ್ನು ಬಿಡಿಸಿಕೊಂಡಿತು.

ಮಾಲೀಕರ ಅನುಮಾನ ಇದಕ್ಕಿಂತ ನೇರವಾಗಿತ್ತು. ರಾಮೇಶ್ವರದ ಟ್ರಾಲ್ ಬೋಟ್ ಬೆಳಗ್ಗೆ ಹೊರಟು ಮರುದಿನ ಬೆಳಗ್ಗೆ ವಾಪಸು. ಟ್ಯೂನಾ ಬೋಟ್ ವಾರಗಟ್ಟಲೆ ಹೊರಗಿರಬೇಕು. ಕಿಲೋಮೀಟರ್‌ಗಟ್ಟಲೆ ಹಗ್ಗಕ್ಕೆ ನೂರಾರು ಗಾಳ ಕಟ್ಟಿ ಬಿಡುವ ಕೆಲಸ, ಅದನ್ನು ಕಲಿತ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಈ ಊರಲ್ಲಿ ಕಡಿಮೆ. ಆಳಕ್ಕೆ ಹೋಗುವ ಬೋಟ್ ನಿಲ್ಲಿಸಲು ರಾಮೇಶ್ವರದ ದಕ್ಕೆಯಲ್ಲಿ ಆಳವಿಲ್ಲ, ಕುಂದುಕಾಲ್ ಅಥವಾ ಮೂಕ್ಕೈಯೂರಿಗೆ ಹೋಗಬೇಕು. ಸಿಗಡಿ ವ್ಯಾಪಾರಿಯ ಹತ್ತಿರ ತೆಗೆದುಕೊಂಡ ಮುಂಗಡ ಬೇರೆ ಇತ್ತು. ಸಿಗಡಿ ಹಾಕುವುದು ನಿಲ್ಲಿಸಿದರೆ ಅಷ್ಟನ್ನೂ ಒಟ್ಟಿಗೆ ವಾಪಸು ಕೊಡಬೇಕು. ಇವೆಲ್ಲ ಗೊತ್ತಿದ್ದೂ ಅವರು ಅರ್ಜಿ ಹಾಕಿದ್ದರು. ಯಾಕೆ ಅಂದರೆ ಆಚೆ ಕಾನೂನು ಬಿಗಿಯಾಗಿತ್ತು. 2017ರ ಜುಲೈಯಲ್ಲಿ ಶ್ರೀಲಂಕಾ ಸಂಸತ್ತು ನೆಲ ಕೆರೆಯುವ ಟ್ರಾಲಿಂಗನ್ನೇ ನಿಷೇಧಿಸಿತು. 2018ರಲ್ಲಿ ಹೊರದೇಶದ ಬೋಟಿಗೆ ದಂಡ ಏರಿಸಿತು, ಉದ್ದಕ್ಕೆ ತಕ್ಕಂತೆ ಗರಿಷ್ಠ 17.5 ಕೋಟಿ ಲಂಕಾ ರೂಪಾಯಿವರೆಗೆ. ಟ್ರಾಲಿಂಗ್ ನಿಷೇಧದ ಮಸೂದೆ ತಂದವರು ಎಂ.ಎ. ಸುಮಂತಿರನ್, ಆಗ ಆ ಕಡೆಯ ತಮಿಳು ಸಂಸದರಾಗಿದ್ದವರು. ಇದು ತಮಿಳರಿಗೂ ಸಿಂಹಳೀಯರಿಗೂ ನಡೆಯುವ ಜಗಳ ಅಂತ ಇಲ್ಲಿ ಕೂತು ಮಾತಾಡುವವರಿಗೆ ಈ ಒಂದು ವಿಷಯ ಹೇಳಿದರೆ ಸಾಕು, ಸುಮ್ಮನಾಗುತ್ತಾರೆ.

2019ರ ಶುರುವಿನಲ್ಲಿ ಬೋಟ್ ಲಂಕಾ ನೌಕಾಪಡೆಯ ಕೈಗೆ ಸಿಕ್ಕಿಬಿತ್ತು. ಮಾಲೀಕರು ಆ ಟ್ರಿಪ್ಪಿಗೆ ಹೋಗಿರಲಿಲ್ಲ. ಹೋದವರು ಬೋಟ್ ನಡೆಸುವ ತಾಂಡೇಲ ಮತ್ತು ಕಲಾಸಿಗಳು. ನೆಡುಂತೀವಿನ ಹತ್ತಿರ, ರಾತ್ರಿ. ಬೆಳಗ್ಗೆ ಬ್ಯಾಂಕ್ ಬಾಗಿಲು ತೆಗೆಯುವ ಮೊದಲೇ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದರು, ಚೀಲ ಹಿಡಿದುಕೊಂಡು. ಆರ್‌ಸಿಯ ಒರಿಜಿನಲ್ ನಮ್ಮ ಫೈಲಿನಲ್ಲಿತ್ತು, ಅದು ಬೇಕು ಅಂದರು.

ಇಲ್ಲಿಂದ ಎರಡು ಬೇರೆ ಬೇರೆ ದಾರಿ. ಮನುಷ್ಯರದ್ದು ಒಂದು, ಬೋಟಿನದ್ದು ಒಂದು.

ಮನುಷ್ಯರ ದಾರಿ ಎಲ್ಲರಿಗೂ ಬಾಯಿಪಾಠ. ಮೀನುಗಾರರ ಸಂಘದವರು ಮೀನುಗಾರಿಕೆ ಇಲಾಖೆಗೆ ಹೆಸರು, ವಿಳಾಸ ಕೊಡುತ್ತಾರೆ. ಇಲಾಖೆಯಿಂದ ಚೆನ್ನೈ, ಅಲ್ಲಿಂದ ದೆಹಲಿ. ಮುಖ್ಯಮಂತ್ರಿಯಿಂದ ಕೇಂದ್ರಕ್ಕೆ ಪತ್ರ ಹೋಗುತ್ತದೆ, ಆ ಪತ್ರ ಪೇಪರಿನಲ್ಲಿ ಬರುತ್ತದೆ. ಯಾಳ್ಪಾಣದಲ್ಲಿ, ಅಂದರೆ ಜಾಫ್ನಾದಲ್ಲಿ, ಭಾರತದ ಕಾನ್ಸುಲೇಟ್ ಇದೆ. ಅವರು ಜೈಲಿಗೆ ಹೋಗಿ ನೋಡುತ್ತಾರೆ, ಬಟ್ಟೆ, ಸೋಪು ಕೊಡುತ್ತಾರೆ, ಮನೆಗೆ ಫೋನ್ ಮಾಡಿಸುತ್ತಾರೆ. ಮೊದಲ ಸಲ ಸಿಕ್ಕಿಬಿದ್ದವರಿಗೆ ಆಗೆಲ್ಲ ಶಿಕ್ಷೆ ಹೇಳಿ, ಅದನ್ನು ಅಮಾನತಿನಲ್ಲಿಟ್ಟು ಬಿಟ್ಟುಬಿಡುತ್ತಿದ್ದರು. ಆಮೇಲೆ ಕೊಲಂಬೊದ ಮಿರಿಹಾನದ ಕ್ಯಾಂಪ್, ತಾತ್ಕಾಲಿಕ ಪ್ರಯಾಣದ ಕಾಗದ, ಚೆನ್ನೈಗೆ ವಿಮಾನ. ನಮ್ಮ ಬೋಟಿನ ಹುಡುಗರೂ ಕೆಲವು ವಾರಗಳಲ್ಲಿ ಹೀಗೇ ಬಂದರು. ಅವರಲ್ಲೊಬ್ಬ ವಿಮಾನ ಹತ್ತಿದ್ದು ಅದೇ ಮೊದಲು, ಊರಿಗೆ ಬಂದು ಜೈಲಿಗಿಂತ ವಿಮಾನದ ಕಥೆಯನ್ನೇ ಜಾಸ್ತಿ ಹೇಳುತ್ತಿದ್ದ.

2018ರಲ್ಲಿ ನಮ್ಮ ಉತ್ತರ ಕನ್ನಡದ ಹುಡುಗರು, ದುಬೈ ಬೋಟುಗಳಲ್ಲಿ ದುಡಿಯುತ್ತಿದ್ದವರು, ಇರಾನ್ ನೀರಿಗೆ ಹೋದರು ಅಂತ ಅಲ್ಲಿ ಸಿಕ್ಕಿಬಿದ್ದಿದ್ದರು. ಕುಮಟಾ, ಭಟ್ಕಳದ ಮನೆಗಳಲ್ಲಿ ತಿಂಗಳುಗಟ್ಟಲೆ ಏನು ಪರದಾಟ! ಅದನ್ನು ನೋಡಿದ್ದ ನನಗೆ ರಾಮೇಶ್ವರದವರ ಈ ಅಭ್ಯಾಸ ಆಶ್ಚರ್ಯ. ಇವರಿಗೆ ಯಾವ ಕಾಗದ ಯಾವ ದಿನ ಹೋಗಬೇಕು ಅಂತ ಗೊತ್ತು. ಇಷ್ಟು ಚೆನ್ನಾಗಿ ಗೊತ್ತಿರಬೇಕಾಗಿ ಬಂದದ್ದೇ ಬೇಜಾರಿನ ಸಂಗತಿ ಅಲ್ವಾ?

ಬೋಟಿನ ದಾರಿ ಹೀಗಲ್ಲ. ಬೋಟಿಗಾಗಿ ಯಾರೂ ಪತ್ರ ಬರೆದು ವಿಮಾನ ಹತ್ತಿಸುವುದಿಲ್ಲ. ಮಾಲೀಕ ಸ್ವತಃ ಆ ದೇಶದ ಕೋರ್ಟಿಗೆ ಹೋಗಿ, ಈ ಬೋಟ್ ನನ್ನದು ಅಂತ ಮೂಲ ದಾಖಲೆ ತೋರಿಸಬೇಕು. ತೋರಿಸದಿದ್ದರೆ ಬೋಟ್ ಸರ್ಕಾರದ ವಶಕ್ಕೆ ಹೋಗುತ್ತದೆ. ಎಷ್ಟೋ ಜನ ಇಲ್ಲಿಯೇ ಸೋಲುತ್ತಾರೆ, ಆರ್‌ಸಿ ಬೇರೆಯವರ ಹೆಸರಲ್ಲಿ ಇರುತ್ತದೆ. ನಮ್ಮ ಮಾಲೀಕರ ಕಾಗದ, ಸಾಲಕ್ಕಾಗಿ ಸರಿ ಮಾಡಿಸಿದ್ದರಿಂದ, ಅಚ್ಚುಕಟ್ಟಾಗಿತ್ತು. ಪಾಸ್‌ಪೋರ್ಟ್ ಮಾಡಿಸಿದರು, ವೀಸಾ ಮಾಡಿಸಿದರು. ಅವರ ಹುಡುಗರು ಒಂದು ರಾತ್ರಿಯಲ್ಲಿ ಹೋಗಿ ತಲುಪಿದ್ದ ಜಾಗಕ್ಕೆ ಇವರು ಬಸ್ಸಿನಲ್ಲಿ ಚೆನ್ನೈ, ವಿಮಾನದಲ್ಲಿ ಕೊಲಂಬೊ, ಅಲ್ಲಿಂದ ಮತ್ತೆ ಸುಮಾರು 400 ಕಿಲೋಮೀಟರ್ ಬಸ್ಸಿನಲ್ಲಿ ಯಾಳ್ಪಾಣ ಅಂತ ಹೋಗಬೇಕು.

ಆ ಹೊತ್ತಿಗೆ 2019ರ ಏಪ್ರಿಲ್ 21 ಬಂತು. ಈಸ್ಟರ್ ದಿನದ ಬಾಂಬ್ ದಾಳಿ. ಲಂಕಾದಲ್ಲಿ ತುರ್ತು ಪರಿಸ್ಥಿತಿ, ದಾರಿ ದಾರಿಯಲ್ಲಿ ತಪಾಸಣೆ. ಮನೆಯವರು ಹೋಗುವುದು ಬೇಡ ಅಂದರು. ಕೋರ್ಟಿನ ತಾರೀಕು ಮುಂದೆ ಹೋಯಿತು. ಮಳೆಗಾಲದ ಹೊತ್ತಿಗೆ ಒಮ್ಮೆ ಹೋಗಿ ಬಂದರು. ಬಂದು ಹೇಳಿದ್ದು ನನಗಿನ್ನೂ ನೆನಪಿದೆ. ಜಡ್ಜು ತಮಿಳರು, ವಕೀಲರು ತಮಿಳರು, ದೂರು ಕೊಟ್ಟ ಮೀನುಗಾರರು ತಮಿಳರು, ಕೋರ್ಟಿನ ಹೊರಗೆ ಟೀ ಕೊಟ್ಟವನೂ ತಮಿಳ. "ಮೇಡಂ, ಮಾತೆಲ್ಲ ಅರ್ಥವಾಯಿತು. ಅದೇ ಕಷ್ಟ ಆಗಿದ್ದು."

ಬೋಟ್ ಇಟ್ಟಿದ್ದ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದರಂತೆ. ಮರದ ಬೋಟ್ ಸಮುದ್ರದಲ್ಲಿ ಸುಮ್ನೆ ನಿಂತರೆ ಹಾಳು. ಹಲಗೆಗೆ ಹುಳ ಹಿಡಿಯುತ್ತದೆ, ಸಂದಿಗೆ ತುಂಬಿದ ಹತ್ತಿ ಬಿಡುತ್ತದೆ, ದಿನಾ ನೀರು ಚೆಲ್ಲುವವರಿಲ್ಲದಿದ್ದರೆ ಕೂತುಬಿಡುತ್ತದೆ. ಇವರ ಬೋಟ್ ಪಕ್ಕದ ಬೋಟಿಗೆ ಒರಗಿಕೊಂಡು ಅರ್ಧ ಮುಳುಗಿತ್ತು. ಜಿಪಿಎಸ್ ಇಲ್ಲ, ಬ್ಯಾಟರಿ ಇಲ್ಲ, ಬಲೆ ಇಲ್ಲ. ಫೋಟೋ ತೆಗೆಯಲು ಬಿಡಲಿಲ್ಲ. ನನಗೆ ಫೈಲಿಗೆ ಬೇಕಿದ್ದದ್ದು ಅದೇ ಫೋಟೋ.

ನಮ್ಮ ಮೇಲಿನ ಕಚೇರಿಗೆ ಪತ್ರ ಬರೆದು ಬರೆದು ಸಾಕಾಯಿತು. ಹಳೇ ಬೋಟ್ ಒಪ್ಪಿಸಿದ್ದಕ್ಕೆ ದಾಖಲೆ ಎಲ್ಲಿ ಅಂತ ಅವರ ಪ್ರಶ್ನೆ. ಬೋಟ್ ಪಾಕ್ ಕೊಲ್ಲಿಯಲ್ಲಿ ಇನ್ನು ಓಡುವುದಿಲ್ಲ, ಇದಕ್ಕಿಂತ ಗಟ್ಟಿಯಾಗಿ ಒಪ್ಪಿಸುವುದು ಹೇಗೆ ಅಂತ ನನ್ನ ವಾದ. ಅದು ಬಿಡುಗಡೆಯಾಗಿ ಬಂದರೆ? ಅಂತ ಮರುಪ್ರಶ್ನೆ. ತಪ್ಪು ಪ್ರಶ್ನೆಯಲ್ಲ. ಕೆಲವು ಬೋಟುಗಳು ಮಾತುಕತೆಯಲ್ಲಿ ಬಿಡುಗಡೆಯಾಗಿ, ಇಲ್ಲಿಂದ ಮೆಕ್ಯಾನಿಕ್‌ಗಳು ಹೋಗಿ ಎಳೆದುಕೊಂಡು ಬಂದದ್ದಿತ್ತು. ಹಾಗಾಗಿ ಇದು ಸತ್ತ ಬೋಟೂ ಅಲ್ಲ, ಬದುಕಿದ ಬೋಟೂ ಅಲ್ಲ. ನನ್ನ ಸಿಟ್ಟು ಒಬ್ಬ ಅಧಿಕಾರಿಯ ಮೇಲಲ್ಲ. 2016ರಿಂದ ಎರಡು ದೇಶಗಳ ಜಂಟಿ ಕಾರ್ಯತಂಡ ಸಭೆ ಸೇರುತ್ತಿದೆ, ಟ್ರಾಲಿಂಗ್ ಬೇಗ ನಿಲ್ಲಬೇಕು ಅಂತ ಇಬ್ಬರೂ ಒಪ್ಪಿದ್ದಾರೆ. ಸರಿ, ನಿಲ್ಲಿಸಲು ಒಪ್ಪಿ ಬಂದ ಮನುಷ್ಯನನ್ನು ಹೊರಗೆ ಕರೆತರಲು ಒಂದು ಬಾಗಿಲು ಇಡಬೇಕಿತ್ತು. ಬಾಗಿಲು ಇತ್ತು, ಅದರ ಕೀಲಿ ಗೆರೆಯ ಆಚೆ ಇತ್ತು.

2020ರ ಮಾರ್ಚ್‌ನಲ್ಲಿ ಕೊರೋನಾ. ವಿಮಾನ ಬಂದ್. ಕೋರ್ಟಿನ ಮುಂದಿನ ತಾರೀಕಿಗೆ ಮಾಲೀಕರು ಹೋಗಲು ಆಗಲಿಲ್ಲ. ಬೋಟ್ ಸರ್ಕಾರದ ವಶಕ್ಕೆ ಹೋಯಿತು ಅಂತ ಸ್ವಲ್ಪ ತಿಂಗಳ ಮೇಲೆ ವಕೀಲರು ಫೋನಿನಲ್ಲಿ ಹೇಳಿದರಂತೆ. ನಾನು ಫೈಲ್ ಮುಚ್ಚಿದೆ. ಸಾಲ ತಿರಸ್ಕೃತ ಅಂತ ಬರೆಯುವುದಿಲ್ಲ, ಅರ್ಜಿದಾರರು ದಾಖಲೆ ಒದಗಿಸಿಲ್ಲ ಅಂತ ಬರೆಯುತ್ತಾರೆ. ಹಾಗೇ ಬರೆದೆ. ಅಕ್ಕ ಬಂದು ಜೆರಾಕ್ಸ್ ಕಾಪಿಗಳನ್ನೆಲ್ಲ ಎಣಿಸಿ ವಾಪಸು ತೆಗೆದುಕೊಂಡು ಹೋದರು.

2022ರ ಫೆಬ್ರವರಿಯಲ್ಲಿ ಶ್ರೀಲಂಕಾ ವಶದಲ್ಲಿದ್ದ 105 ಭಾರತೀಯ ಬೋಟುಗಳನ್ನು ಹರಾಜು ಹಾಕಿತು. ಕಾರೈನಗರ, ತಲೈಮನ್ನಾರ್ ಹೀಗೆ ಹಲವು ಕಡೆ. ಮಾಲೀಕರ ಬೋಟ್ ಅದರಲ್ಲಿ ಹೋಯಿತು, ಹೆಚ್ಚಾಗಿ ಸೌದೆಗೆ ಮತ್ತು ಗುಜರಿ ಕಬ್ಬಿಣಕ್ಕೆ. ಅದೇ ಹೊತ್ತಿಗೆ ತಮಿಳುನಾಡು ಸರ್ಕಾರ ಇನ್ನು ವಾಪಸು ತರಲು ಆಗದ 125 ಬೋಟುಗಳಿಗೆ ಪರಿಹಾರ ಘೋಷಿಸಿತು. ಯಾಂತ್ರಿಕ ಬೋಟಿಗೆ 5 ಲಕ್ಷ, ನಾಡದೋಣಿಗೆ ಒಂದೂವರೆ ಲಕ್ಷ. ಇವರಿಗೂ ಬಂತು. ಸಿಗಡಿ ವ್ಯಾಪಾರಿಯ ಮುಂಗಡ ತೀರಿಸಿದರು, ಮುಗಿಯಿತು.

ಆ ವರ್ಷ ನನಗೆ ಬೇರೆ ಕಡೆ ವರ್ಗವಾಯಿತು. ಆದರೂ ವಿಷಯ ತಲೆಯಿಂದ ಹೋಗಲಿಲ್ಲ. ಚೆನ್ನೈಯಿಂದ ಯಾಳ್ಪಾಣಕ್ಕೆ ನೇರ ವಿಮಾನ ಮತ್ತೆ ಶುರುವಾದ ಮೇಲೆ, 2023ರಲ್ಲಿ, ರಜೆ ಹಾಕಿ ಹೋಗಿ ಬಂದೆ. ಜೊತೆಗೆ ಶಾಖೆಯ ಹಳೇ ಗೆಳತಿ, ಅವಳ ಸಂಬಂಧಿಕರು ಅಲ್ಲಿದ್ದಾರೆ. ಸಣ್ಣ ವಿಮಾನ, ಏರಿದ ಸ್ವಲ್ಪ ಹೊತ್ತಿಗೇ ಇಳಿಯಿತು.

ಅಲ್ಲಿಯ ಒಂದು ಮೀನುಗಾರರ ಸಹಕಾರ ಸಂಘದಲ್ಲಿ ಅರ್ಧ ದಿನ ಕೂತಿದ್ದೆ. ಭಾರತದಿಂದ ಬಂದವಳು, ಅದೂ ಬೋಟ್ ಸಾಲ ಕೊಡುತ್ತಿದ್ದ ಬ್ಯಾಂಕಿನವಳು ಅಂದಾಗ ಮೊದಲು ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ನಮ್ಮಪ್ಪನೂ ಬೋಟಿನಲ್ಲಿ ದುಡಿದವರು ಅಂದ ಮೇಲೆ ಒಬ್ಬ ಹಿರಿಯರು ಕುರ್ಚಿ ಎಳೆದುಕೊಂಡರು. ಅವರದ್ದು ಸಣ್ಣ ಫೈಬರ್ ದೋಣಿ, ಹೊರಗೆ ಕಟ್ಟಿದ ಎಂಜಿನ್. ರಾತ್ರಿ ನೀರಿಗೆ ಇಳಿಬಿಟ್ಟು ಬೆಳಗ್ಗೆ ಎತ್ತುವ ಗಿಲ್‌ನೆಟ್. ಟ್ರಾಲ್ ಬೋಟ್ ಅದರ ಮೇಲೆ ಹಾದರೆ ಬಲೆ ಇಲ್ಲ. ಲಕ್ಷಗಟ್ಟಲೆಯ ಬಲೆ, ಸಂಘದ ಸಾಲದ್ದು.

"ಸೋಮವಾರ, ಬುಧವಾರ, ಶನಿವಾರ ನಾವು ಬಲೆ ಬಿಡುವುದಿಲ್ಲಮ್ಮಾ" ಅಂದರು.

ನನಗೆ ತಟ್ಟನೆ ಅರ್ಥವಾಯಿತು. ರಾಮೇಶ್ವರದಲ್ಲಿ ಟ್ರಾಲ್ ಬೋಟುಗಳಿಗೂ ನಾಡದೋಣಿಗಳಿಗೂ ಜಗಳವಾಗಬಾರದು ಅಂತ ವಾರವನ್ನು ಹಂಚಿಕೊಂಡಿದ್ದಾರೆ, ಮೂರು ದಿನ ಇವರಿಗೆ, ನಾಲ್ಕು ದಿನ ಅವರಿಗೆ. ಟ್ರಾಲ್ ಬೋಟಿಗೆ ಸಮುದ್ರಕ್ಕೆ ಹೋಗಲು ಟೋಕನ್ ಕೊಡುವುದು ಸೋಮವಾರ, ಬುಧವಾರ, ಶನಿವಾರ. ನಾನು ಆದಾಯದ ಲೆಕ್ಕ ಹಾಕುವಾಗ ವಾರಕ್ಕೆ ಮೂರು ದಿನ ಅಂತ ಗುಣಿಸಿದ್ದು ಇದೇ ದಿನಗಳನ್ನು. ಆಚೆ ದಡದಲ್ಲಿ ಇವರು ಅದೇ ಮೂರು ದಿನ ಕಳೆಯುತ್ತಿದ್ದರು.

ಹಿಂದಿನ ವರ್ಷದ ಕಥೆಯನ್ನೂ ಹೇಳಿದರು. ಲಂಕಾ ದಿವಾಳಿಯಾದ 2022. ಇವರ ಎಂಜಿನ್ ಓಡುವುದು ಸೀಮೆಎಣ್ಣೆಯಲ್ಲಿ. ಆಗಸ್ಟ್‌ನಲ್ಲಿ ಲೀಟರಿಗೆ 87 ಇದ್ದದ್ದು ಒಂದೇ ಸಲಕ್ಕೆ 340 ರೂಪಾಯಿ. ದೋಣಿ ಇಳಿಸಿದರೆ ನಷ್ಟ, ಇಳಿಸದಿದ್ದರೆ ಹಸಿವು. ಆ ದಿನಗಳಲ್ಲೂ ದೂರದಲ್ಲಿ ಟ್ರಾಲ್ ಬೋಟುಗಳ ದೀಪ ಕಾಣುತ್ತಿತ್ತಂತೆ. ಭಾರತದಿಂದ ಅಕ್ಕಿ ಬಂತು, ಔಷಧಿ ಬಂತು, ಅದಕ್ಕೆ ಕೃತಜ್ಞತೆ ಇದೆ ಅಂದರು. ಬೋಟೂ ಬಂತು ಅಂದರು. ಯಾರೂ ನಗಲಿಲ್ಲ.

ಹೊಸ ಬೋಟಿಗೆ ನಿಮ್ಮ ಸರ್ಕಾರ ಎಷ್ಟು ಕೊಡುತ್ತದೆ ಅಂತ ಕೇಳಿದರು. ಶೇ 70 ಸಬ್ಸಿಡಿ ಇತ್ತು ಅಂದೆ. ಅವರು ತಿರುಗಿ ಪಕ್ಕದವರಿಗೆ ಅದನ್ನೇ ಹೇಳಿದರು, ಎರಡು ಸಲ. ಜಿನೀವಾದಲ್ಲಿ ದೇಶಗಳು ಕೂತು ಮೀನುಗಾರಿಕೆ ಸಬ್ಸಿಡಿಯ ಬಗ್ಗೆ 2022ರ ಜೂನ್‌ನಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಬಡ ಮೀನುಗಾರರಿಗೆ ಪೆಟ್ಟು ಬೀಳಬಾರದು, ನಮ್ಮಂಥ ದೇಶಗಳಿಗೆ 25 ವರ್ಷ ಸಮಯ ಬೇಕು ಅಂತ ಭಾರತ ಅಲ್ಲಿ ಪಟ್ಟು ಹಿಡಿದಿತ್ತು. ನಾನೂ ಅದನ್ನು ಒಪ್ಪುವವಳೇ. ಆದರೆ ಸೀಮೆಎಣ್ಣೆಗೆ ದುಡ್ಡಿಲ್ಲದ ಆ ಸಂಘದ ಕಟ್ಟೆಯ ಮೇಲೆ ಕೂತು ಇದನ್ನು ಹೇಳಲು ಬಾಯಿ ಬರಲಿಲ್ಲ.

ಮಾಲೀಕರು ಈಗ ಬೇರೆಯವರ ಟ್ರಾಲ್ ಬೋಟಿನಲ್ಲಿ ತಾಂಡೇಲ. ಇದು ಮೊದಲಿಗಿಂತ ಅಪಾಯ. 2024ರಿಂದ ಲಂಕಾದ ಕೋರ್ಟುಗಳು ಬೋಟ್ ನಡೆಸುವವನಿಗೂ, ಎರಡನೇ ಸಲ ಸಿಕ್ಕಿದವನಿಗೂ ನಿಜವಾಗಿ ಜೈಲು ಕೊಡುತ್ತಿವೆ. ಆ ಸಿಟ್ಟಿಗೆ ರಾಮೇಶ್ವರದವರು ಆ ವರ್ಷ ಕಚ್ಚತೀವಿನ ಹಬ್ಬಕ್ಕೂ ಹೋಗಲಿಲ್ಲ. ಅದೇ ಒಂದು ವರ್ಷದಲ್ಲಿ ಐನೂರಕ್ಕೂ ಜಾಸ್ತಿ ಜನ ಸಿಕ್ಕಿಬಿದ್ದರು. ಟ್ಯೂನಾ ಬೋಟಿನ ಆಸೆ ಇದೆಯಾ ಅಂತ ಫೋನಿನಲ್ಲಿ ಕೇಳಿದೆ. ಈಗಿನ ಹೊಸ ಯೋಜನೆಯಲ್ಲಿ ಒಂದು ಬೋಟಿಗೆ 1.2 ಕೋಟಿ ಅಂತ ಲೆಕ್ಕ, ನನ್ನ ಹತ್ತಿರ ಬಿಟ್ಟುಕೊಡಲು ಹಳೇ ಬೋಟೂ ಇಲ್ಲ, ಹಾಕಲು ದುಡ್ಡೂ ಇಲ್ಲ ಅಂದರು.

ಫೋನ್ ಮಾಡಿದ್ದು ಬೇರೆ ಕೆಲಸಕ್ಕೆ. ಮಗನನ್ನು ಆ ನೀರಿಗೆ ಇಳಿಸುವುದು ಬೇಡ ಅಂತ ಅಕ್ಕನ ಹಟ. ಮಂಗಳೂರು, ಮಲ್ಪೆ ಕಡೆ ಬೋಟುಗಳಲ್ಲಿ ತಮಿಳುನಾಡಿನ ಹುಡುಗರು ತುಂಬ ಜನ ಇದ್ದಾರಂತೆ, ನಿಮ್ಮ ಕಡೆಯವರು ಯಾರಾದರೂ ಇದ್ದರೆ ಹೇಳಿ ಮೇಡಂ ಅಂದರು. ಮಲ್ಪೆಯಲ್ಲಿ ನಮ್ಮ ಚಿಕ್ಕಪ್ಪನ ಮಗನದ್ದೇ ಬೋಟ್ ಇದೆ. ಬೂತಾಯಿ ಮೀನು ಕಡಿಮೆಯಾದ ವರ್ಷಗಳಲ್ಲಿ ಅವನೂ ಸಾಲದಲ್ಲಿ ಮುಳುಗಿ ಎದ್ದವನು. ಹೇಳಿದೆ. ಆಗಸ್ಟ್ 1ಕ್ಕೆ ಬೋಟ್ ಇಳಿಯುತ್ತದೆ, ಒಂದು ವಾರ ಮೊದಲೇ ಬರಲಿ ಅಂದ. ವಯಸ್ಸೆಷ್ಟು, ಊಟ ನಮ್ಮದು ಆಗ್ತದಾ, ಕುಡೀತಾನಾ ಅಂತ ಒಂದೊಂದೇ ಕೇಳಿದ. ಕೊನೆಗೆ ದನಿ ಸ್ವಲ್ಪ ತಗ್ಗಿಸಿ, "ಅಕ್ಕಾ, ಆ ಕಡೆಯ ಹುಡುಗರಿಗೆ ಬುಲ್‌ಟ್ರಾಲ್ ಚೆನ್ನಾಗಿ ಬರ್ತದಂತೆ, ಇವನಿಗೂ ಗೊತ್ತುಂಟಾ ಕೇಳು" ಅಂದ.